ರೋಗದ ಹೆಸರನ್ನು ಮನೆಯೊಳಗೆ ಹೇಳುವುದು

ನಮ್ಮ ಗಡಿನಾಡಿನ ಮನೆಗಳಲ್ಲಿ ಕೆಲವು ರೋಗಗಳಿಗೆ ಹೆಸರಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಚಾರವನ್ನು ಮದುವೆಯ ಚಪ್ಪರದಲ್ಲಿ ಊಟಕ್ಕೆ ಕುಳಿತಾಗಲೂ ಗಟ್ಟಿಯಾಗಿ ಮಾತನಾಡುವ ನಾವು, ಕ್ಯಾನ್ಸರ್ ಎಂದಾಗ ಮಾತ್ರ ದನಿ ತಗ್ಗಿಸಿ 'ಆ ಕಾಯಿಲೆ', 'ದೊಡ್ಡ ಅಸೌಖ್ಯ' ಎಂದು ಹೇಳಿ ಬಾಗಿಲಿನತ್ತ ನೋಡುತ್ತೇವೆ. ಹೆಸರು ಹೇಳಿದರೆ ರೋಗಕ್ಕೆ ಕೇಳಿಸೀತು ಎಂಬ ಅಂಜಿಕೆ ಅದರಲ್ಲಿ ಅಡಗಿದೆ. ಮೂರು ವರ್ಷಗಳ ಹಿಂದೆ, ನನ್ನ ನಲವತ್ತಮೂರನೆಯ ವಯಸ್ಸಿನಲ್ಲಿ, ಆ ಹೆಸರು ನಮ್ಮ ಮನೆಗೂ ಬಂತು. ಶಸ್ತ್ರಕ್ರಿಯೆಯೂ ಔಷಧೋಪಚಾರವೂ ಮುಗಿದು ಈಗ ನಾನು ನಿಯತ ತಪಾಸಣೆಯಲ್ಲಿರುವವನು. ಚಿಕಿತ್ಸೆಯ ವಿಷಯವನ್ನು ವೈದ್ಯರು ಹೇಳಬೇಕು. ಮನಸ್ಸಿನ ವಿಷಯವನ್ನಾದರೋ ಅನುಭವಿಸಿದವನು ಹೇಳಬಹುದೆಂಬ ಧೈರ್ಯದಿಂದ, ಮುಖ್ಯವಾಗಿ ಶಾಲೆಗೆ ಹೋಗುವ ಮಕ್ಕಳಿರುವ ನಮ್ಮ ಕನ್ನಡ ಮನೆಗಳನ್ನು ನೆನೆದು, ಈ ಬರಹವನ್ನು ಬರೆಯುತ್ತಿದ್ದೇನೆ.

ಕೆಲವು ತಿಂಗಳ ಆಯಾಸ, ಮೆಟ್ಟಿಲು ಹತ್ತುವಾಗ ಏದುಸಿರು, ರಕ್ತಪರೀಕ್ಷೆಯಲ್ಲಿ ಕಬ್ಬಿಣಾಂಶದ ಕೊರತೆ, ಇಷ್ಟೇ ಮುನ್ಸೂಚನೆ. ನಡುವಯಸ್ಸಿನ ಗಂಡಸಿನಲ್ಲಿ ಕಾರಣ ತಿಳಿಯದ ರಕ್ತಹೀನತೆ ಕಂಡರೆ ಕರುಳನ್ನು ಪರೀಕ್ಷಿಸಬೇಕೆಂದು ವೈದ್ಯರು ಕೊಲೊನೋಸ್ಕೋಪಿ ಮಾಡಿಸಿದರು. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಇತ್ತು. ಅದರ ಒಂದು ಚೂರನ್ನು ಪ್ರಯೋಗಾಲಯಕ್ಕೆ ಕಳುಹಿಸಿದರು. ಒಂದು ವಾರದ ಮೇಲೆ ಮಂಗಳೂರಿನ ಆಸ್ಪತ್ರೆಯಲ್ಲಿ ವೈದ್ಯರು ಕುರ್ಚಿಯನ್ನು ತುಸು ಮುಂದಕ್ಕೆ ಎಳೆದುಕೊಂಡು, 'ವಕೀಲರೇ, ಇದು ಕ್ಯಾನ್ಸರ್. ಚಿಕಿತ್ಸೆ ಇದೆ' ಎಂದರು. ಆ ಎರಡು ವಾಕ್ಯಗಳ ಅನಂತರ ಅವರು ಸುಮಾರು ಇಪ್ಪತ್ತು ನಿಮಿಷ ಮಾತನಾಡಿದರಂತೆ. ನನಗೆ ನೆನಪಿರುವುದು ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಹಳದಿ ಬಣ್ಣ ಮಾತ್ರ. ಇಪ್ಪತ್ತು ವರ್ಷ ಸಾಕ್ಷಿಗಳ ಪ್ರತಿಯೊಂದು ಮಾತಿಗೂ ಕಿವಿಗೊಟ್ಟು ಬದುಕಿದವನ ಕಿವಿ ಅಂದು ಮುಚ್ಚಿಹೋಗಿತ್ತು.

ಇದು ನನ್ನೊಬ್ಬನ ಅನುಭವವಲ್ಲವೆಂದು ಬಳಿಕ ತಿಳಿಯಿತು. ಆಘಾತದ ವಾರ್ತೆಯನ್ನು ಕೇಳಿದ ಮನಸ್ಸು ಅದರ ಮುಂದಿನ ವಿವರಗಳನ್ನು ಹಿಡಿದಿಟ್ಟುಕೊಳ್ಳಲಾರದು. ಆದ್ದರಿಂದ ಇಂತಹ ಭೇಟಿಗೆ ಯಾರೂ ಒಬ್ಬರೇ ಹೋಗಬಾರದು. ನನ್ನ ಪತ್ನಿ ಜತೆಯಲ್ಲಿದ್ದಳು. ಮಗಳ ಹಳೆಯ ನೋಟುಪುಸ್ತಕದ ಕೊನೆಯ ಹಾಳೆಗಳಲ್ಲಿ ವೈದ್ಯರು ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡಿದ್ದಳು. ಮುಂದಿನ ಒಂಬತ್ತು ತಿಂಗಳು ಆ ಪುಸ್ತಕವೇ ನಮ್ಮ ಮನೆಯ ದಸ್ತಾವೇಜು. ಕೇಳಬೇಕಾದ ಪ್ರಶ್ನೆಗಳು ಎಡಪುಟದಲ್ಲಿ, ವೈದ್ಯರ ಉತ್ತರಗಳು ಬಲಪುಟದಲ್ಲಿ. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಕಾಡುವ ಸಂಶಯವನ್ನು ಎಡಪುಟದಲ್ಲಿ ಬರೆದಿಟ್ಟರೆ ಅದು ಬೆಳಗಿನವರೆಗೆ ಕಾಯಲು ಒಪ್ಪುತ್ತಿತ್ತು.

ರೋಗಕ್ಕಿಂತಲೂ ಕಾಯುವಿಕೆ ಕಠಿನ. ಮೊದಲು ಚೂರಿನ ವರದಿಗೆ ಕಾಯಬೇಕು. ಆಮೇಲೆ ರೋಗ ಬೇರೆಡೆಗೆ ಹರಡಿದೆಯೇ ಎಂದು ತಿಳಿಯುವ ಸಿ.ಟಿ. ಸ್ಕ್ಯಾನಿಗೆ, ಶಸ್ತ್ರಕ್ರಿಯೆಯ ದಿನಕ್ಕೆ, ಬಳಿಕ ತೆಗೆದ ಭಾಗದ ಪರೀಕ್ಷೆಯ ವರದಿಗೆ. ನನ್ನ ದೇಹದಿಂದ ತೆಗೆದ ಹದಿನಾರು ದುಗ್ಧಗ್ರಂಥಿಗಳಲ್ಲಿ ಎರಡಕ್ಕೆ ರೋಗ ತಗಲಿತ್ತು. ಆದುದರಿಂದ ಅದು ಮೂರನೆಯ ಹಂತ. ಮೊಕದ್ದಮೆಯನ್ನು ಮುಂದೂಡಿದಾಗ ಕಕ್ಷಿದಾರರ ಮುಖ ಬಾಡುವುದನ್ನು ನಾನು ಪ್ರತಿದಿನ ನೋಡುವವನು. 'ಸೋಲಾದರೂ ಆಗಲಿ, ಒಮ್ಮೆ ತೀರ್ಮಾನವಾದರೆ ಸಾಕು' ಎಂದು ಅವರು ಹೇಳುವುದರ ಅರ್ಥ ಆ ವಾರಗಳಲ್ಲಿ ನನ್ನ ಮೈಗೇ ತಿಳಿಯಿತು. ಆ ದಿನಗಳಿಗೆ ನಾವು ಕಂಡುಕೊಂಡ ಮದ್ದು ಸಣ್ಣದು: ದಿನವನ್ನು ತುಂಡು ಮಾಡುವುದು. ಬೆಳಗ್ಗೆ ತೋಟಕ್ಕೆ ಒಂದು ಸುತ್ತು, ಹತ್ತು ಗಂಟೆಗೆ ಕಡತಗಳು, ಸಂಜೆ ಮಕ್ಕಳ ಪಾಠ. ಮುಂದಿನ ವರ್ಷವನ್ನು ಯೋಚಿಸಲು ಧೈರ್ಯವಿಲ್ಲದವನಿಗೂ ಮುಂದಿನ ಎರಡು ಗಂಟೆಗಳನ್ನು ಯೋಚಿಸಲು ಸಾಧ್ಯ.

ಕಾಯುವ ರಾತ್ರಿಗಳಲ್ಲಿ ಮೊಬೈಲು ಅಂಕಿಸಂಖ್ಯೆಗಳನ್ನು ತೋರಿಸುತ್ತದೆ. ಇಷ್ಟು ವರ್ಷ ಬದುಕುವವರು ನೂರಕ್ಕೆ ಇಷ್ಟು ಮಂದಿ ಎಂಬ ಕೋಷ್ಟಕವನ್ನು ನೋಡುತ್ತ ನಾನು ಆ ನೂರರಲ್ಲಿ ಎಲ್ಲಿ ನಿಂತಿದ್ದೇನೆಂದು ಹುಡುಕುತ್ತಿದ್ದೆ. ಆಗ ನನ್ನ ಕೈಹಿಡಿದದ್ದು ಅಮೆರಿಕದ ಜೀವಿವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರ ಒಂದು ಪ್ರಬಂಧ. 1982ರಲ್ಲಿ ಅವರಿಗೆ ಹೊಟ್ಟೆಯ ಪೊರೆಯ ಅಪರೂಪದ ಕ್ಯಾನ್ಸರ್ ಕಾಣಿಸಿಕೊಂಡಿತು. ಆ ರೋಗದ ಮಧ್ಯಾಂಕ ಎಂಟು ತಿಂಗಳೆಂದು ಪುಸ್ತಕಗಳಲ್ಲಿತ್ತು. ಗೂಲ್ಡ್ ಅಂಕಿಗಳೊಂದಿಗೆ ದಿನನಿತ್ಯ ಕೆಲಸ ಮಾಡುವವರಾದ್ದರಿಂದ ಕೂಡಲೇ ಗಮನಿಸಿದರು: ಮಧ್ಯಾಂಕ ಎಂಟು ತಿಂಗಳೆಂದರೆ ಎಲ್ಲರೂ ಎಂಟು ತಿಂಗಳಲ್ಲಿ ತೀರಿಕೊಳ್ಳುತ್ತಾರೆಂದಲ್ಲ. ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಬದುಕುತ್ತಾರೆ. ಆ ಅರ್ಧದ ಬಾಲ ವರ್ಷಗಟ್ಟಲೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ವಯಸ್ಸು, ರೋಗದ ಹಂತ, ದೊರೆಯುವ ಚಿಕಿತ್ಸೆ ಇವುಗಳನ್ನು ಅನುಸರಿಸಿ ಒಬ್ಬೊಬ್ಬನ ಸ್ಥಾನ ಬೇರೆ ಬೇರೆ. 1985ರಲ್ಲಿ ಇದನ್ನು ಅವರು ಬರೆದರು. 2002ರಲ್ಲಿ, ಇಪ್ಪತ್ತು ವರ್ಷಗಳ ಅನಂತರ, ಬೇರೊಂದು ರೋಗದಿಂದ ತೀರಿಕೊಂಡರು. ಎಲ್ಲರಿಗೂ ಇಪ್ಪತ್ತು ವರ್ಷ ದೊರೆಯುವುದೆಂದು ಇದರಿಂದ ಸಿದ್ಧವಾಗುವುದಿಲ್ಲ. ಸಾವಿರಾರು ಜನರ ಅಂಕಿಯನ್ನು ಒಬ್ಬನ ಮೇಲಿನ ತೀರ್ಪೆಂದು ಓದಬಾರದೆಂಬುದಷ್ಟೇ ಸಿದ್ಧವಾಗುತ್ತದೆ. ವಕೀಲನಾದ ನನಗೆ ಅಷ್ಟು ಸಾಕಾಯಿತು.

ಇನ್ನೊಂದು ಪುಸ್ತಕವನ್ನು ಸ್ನೇಹಿತರು ತಂದುಕೊಟ್ಟರು. ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಮರಣಾಸನ್ನ ರೋಗಿಗಳೊಡನೆ ಮಾತನಾಡಿ ಬರೆದ ಗ್ರಂಥ. ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಸ್ವೀಕಾರ ಎಂಬ ಐದು ಅವಸ್ಥೆಗಳನ್ನು ಅವರು ಹೇಳುತ್ತಾರೆ. ಈ ಐದೂ ನನ್ನಲ್ಲಿ ಬಂದುವು, ಆದರೆ ಮೆಟ್ಟಿಲುಗಳಂತೆ ಒಂದಾದ ಮೇಲೊಂದು ಬರಲಿಲ್ಲ. ಬೆಳಗ್ಗೆ ಎಲ್ಲವನ್ನೂ ಒಪ್ಪಿಕೊಂಡು ಶಾಂತನಾಗಿದ್ದವನು ಮಧ್ಯಾಹ್ನ ಗಂಜಿಗೆ ಉಪ್ಪು ಕಡಿಮೆಯಾಯಿತೆಂದು ಸಿಡುಕುತ್ತಿದ್ದೆ; ಸಂಜೆ 'ಮಗಳ ಹತ್ತನೆಯ ತರಗತಿ ಮುಗಿಯುವವರೆಗಾದರೂ' ಎಂದು ದೇವರೊಡನೆ ಚೌಕಾಸಿಗೆ ಇಳಿಯುತ್ತಿದ್ದೆ. ಕರಾವಳಿಯ ಕರ್ಕಾಟಕ ಮಾಸದ ಆಕಾಶದ ಹಾಗೆ: ಮಳೆ, ಬಿಸಿಲು, ಮತ್ತೆ ಮಳೆ, ಎಲ್ಲವೂ ಒಂದೇ ದಿನದಲ್ಲಿ. ಯಾವ ಅವಸ್ಥೆಯೂ ಶಾಶ್ವತವಲ್ಲವೆಂಬ ಅರಿವೇ ಅಲ್ಲಿ ಸಮಾಧಾನ ಕೊಡುವುದು.

ಈಗ ಮಕ್ಕಳ ವಿಷಯ. ನಮ್ಮ ಮಗ ಆಗ ಒಂಬತ್ತನೆಯ ತರಗತಿ, ಮಗಳು ಆರನೆಯ ತರಗತಿ. ಇಬ್ಬರೂ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದುವವರು. ಮಕ್ಕಳಿಗೆ ತಿಳಿಸಬೇಡಿ, ಓದು ಹಾಳಾದೀತು ಎಂದವರು ಹಲವರು. ಆದರೆ ಮಕ್ಕಳು ಬಾಗಿಲ ಹಿಂದಿನಿಂದಲೂ ಮನೆಯನ್ನು ಓದಬಲ್ಲರು. ಹಿರಿಯರು ಹೇಳದೆ ಬಿಟ್ಟ ಜಾಗವನ್ನು ಅವರು ತಮ್ಮ ಕಲ್ಪನೆಯಿಂದ ತುಂಬಿಕೊಳ್ಳುತ್ತಾರೆ, ಮತ್ತು ಆ ಕಲ್ಪನೆ ಸತ್ಯಕ್ಕಿಂತ ಭೀಕರವಾಗಿರುತ್ತದೆ. ಆದ್ದರಿಂದ ಶಸ್ತ್ರಕ್ರಿಯೆಗೆ ನಾಲ್ಕು ದಿನ ಮೊದಲು, ರಾತ್ರಿ ಊಟವಾದ ಮೇಲೆ, ನಾವಿಬ್ಬರೂ ಕೂಡಿಯೇ ಅವರಿಗೆ ಹೇಳಿದೆವು. ಮೊದಲು ರೋಗದ ಹೆಸರನ್ನು ಹೇಳಿದೆವು; 'ಹೊಟ್ಟೆನೋವು' ಎಂದಿದ್ದರೆ ಮುಂದೆ ಅವರಿಗೆ ಹೊಟ್ಟೆ ನೋಯುವಾಗಲೆಲ್ಲ ಹೆದರಿಕೆಯಾಗುತ್ತಿತ್ತು. ಇದು ಯಾರ ತಪ್ಪಿನಿಂದಲೂ ಬಂದದ್ದಲ್ಲ, ಮುಟ್ಟಿದರೆ ಹರಡುವುದಿಲ್ಲ, ಅಪ್ಪನ ಪಕ್ಕದಲ್ಲಿ ಮಲಗಬಹುದು ಎಂದೆವು. ಕೊನೆಗೆ, ಅಮ್ಮ ಮಂಗಳೂರಿನಲ್ಲಿರುವಾಗ ಅಡಿಗೆ ಯಾರು ಮಾಡುತ್ತಾರೆ, ಶಾಲೆಯ ಬಸ್ಸಿಗೆ ಯಾರು ಬಿಡುತ್ತಾರೆ ಎಂಬುದನ್ನು ದಿನದಿನದ ಲೆಕ್ಕದಲ್ಲಿ ತಿಳಿಸಿದೆವು. ಮಕ್ಕಳ ಲೋಕ ನಿಂತಿರುವುದು ಇಂತಹ ಸಣ್ಣ ವ್ಯವಸ್ಥೆಗಳ ಮೇಲೆ.

ಮಗ ಏನೂ ಹೇಳದೆ ಎದ್ದುಹೋಗಿ ಅಂಗಳದ ದೀಪ ಆರಿಸಿ ಬಂದ. ಮಗಳು ನೇರವಾಗಿ ಕೇಳಿದಳು: 'ಅಪ್ಪಾ, ನಿಮಗೆ ಗುಣ ಆಗ್ತದಲ್ವಾ?'

ಖಂಡಿತವಾಗಿ ಆಗುತ್ತದೆ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಹೆಂಡತಿಯ ಮುಖ ನೋಡಿದೆ. 'ಗುಣ ಆಗಲಿ ಅಂತಲೇ ಡಾಕ್ಟ್ರು ಚಿಕಿತ್ಸೆ ಮಾಡುವುದು ಮಗಾ. ತುಂಬ ಜನರಿಗೆ ಆಗಿದೆ. ನನಗೆ ಏನು ಗೊತ್ತಾದರೂ ಮೊದಲು ನಿಮ್ಮಿಬ್ಬರಿಗೆ ಹೇಳ್ತೇನೆ' ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, 'ಹಾಗಾದ್ರೆ ಸರಿ' ಎಂದು ಮಲಗಲು ಹೋದಳು. ಕೊಡಬಾರದ ಭರವಸೆಯನ್ನು ಕೊಡದೆ, ಉಳಿಸಿಕೊಳ್ಳಬಹುದಾದ ಭರವಸೆಯನ್ನು ಕೊಟ್ಟದ್ದು ಮುಂದೆ ಎಷ್ಟೋ ಸಲ ನಮ್ಮನ್ನು ಕಾಪಾಡಿತು. ಮರುದಿನ ಪತ್ನಿ ಶಾಲೆಗೆ ಹೋಗಿ ಇಬ್ಬರ ತರಗತಿ ಅಧ್ಯಾಪಕರಿಗೂ ವಿಷಯ ತಿಳಿಸಿದಳು. ಅವರು ತರಗತಿಯಲ್ಲಿ ಯಾರಿಗೂ ಹೇಳಲಿಲ್ಲ, ವಿಶೇಷ ಕನಿಕರವನ್ನೂ ತೋರಿಸಲಿಲ್ಲ. ಮಗನ ಗಣಿತದ ಅಂಕ ಒಮ್ಮೆ ಇಳಿದಾಗ ಬೈಯುವ ಬದಲು ಸಂಜೆ ಅರ್ಧ ಗಂಟೆ ಕೂರಿಸಿಕೊಂಡರು. ಊರಿನ ಮಕ್ಕಳ ಮನೆಯನ್ನೂ ಬಲ್ಲ ಅಧ್ಯಾಪಕರಿರುವುದು ನಮ್ಮ ಸಣ್ಣ ಶಾಲೆಗಳ ದೊಡ್ಡ ಸಂಪತ್ತು.

ಮಕ್ಕಳಿಗಿಂತಲೂ ಅಮ್ಮನಿಗೆ ಹೇಳುವುದು ಕಷ್ಟವಾಯಿತು. ಎಪ್ಪತ್ತನಾಲ್ಕು ವರ್ಷದ ಅವರ ಎದೆ ತಾಳದು ಎಂದು ನನ್ನ ಚಿಕ್ಕಪ್ಪಂದಿರ ವಾದ. ರೋಗಿಗೆ ತನ್ನ ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯ, ಪರ್ಯಾಯಗಳು ತಿಳಿದಿರಬೇಕು, ಆಗ ಮಾತ್ರ ಅವನ ಒಪ್ಪಿಗೆ ನಿಜವಾದ ಒಪ್ಪಿಗೆ ಎಂದು ಸರ್ವೋಚ್ಚ ನ್ಯಾಯಾಲಯವು ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಹೇಳಿದೆ. ಆದರೆ ರೋಗಿಯ ತಾಯಿಗೆ ಏನನ್ನು ಹೇಳಬೇಕೆಂದು ಯಾವ ತೀರ್ಪಿನಲ್ಲಿಯೂ ಇಲ್ಲ; ಅದನ್ನು ಮನೆಯವರೇ ತೀರ್ಮಾನಿಸಬೇಕು. ಕೊನೆಗೆ ನಾನೇ ಅಮ್ಮನ ಬಳಿ ಕುಳಿತು ಹೇಳಿದೆ. ಅವರು ಅಳಲಿಲ್ಲ. 'ಮಧೂರಿಗೆ ಒಂದು ಅಪ್ಪದ ಸೇವೆ ಹೇಳಿಕೊಳ್ಳುವುದಾದ್ರೂ ಯಾವುದಕ್ಕೆ ಅಂತ ನನಗೆ ಗೊತ್ತಿರಬೇಡ್ವಾ?' ಎಂದರು. ದೇವರ ಮುಂದೆ ನಿಂತು ಕೇಳಲಿಕ್ಕೂ ರೋಗದ ಹೆಸರು ಬೇಕೆಂಬ ಅವರ ಮಾತಿಗೆ ಚಿಕ್ಕಪ್ಪಂದಿರಲ್ಲಿಯೂ ಪ್ರತಿವಾದವಿರಲಿಲ್ಲ.

ಹೆಸರಿನ ಮಾತು ಬಂದಾಗ ಭಾಷೆಯ ಮಾತನ್ನೂ ಹೇಳಲೇಬೇಕು. ನಮ್ಮ ಮನೆಯ ಮಾತು ಕನ್ನಡ. ನೆರೆಮನೆಯ ಮಾತು ತುಳು. ಕೋರ್ಟಿನ ಹೊರಾಂಗಣದ್ದು ಮಲಯಾಳ, ಒಳಗಿನದ್ದು ಇಂಗ್ಲಿಷ್. ಆರೋಗ್ಯವಾಗಿರುವಾಗ ನಾಲ್ಕರಲ್ಲಿಯೂ ಸಲೀಸಾಗಿ ಬದುಕಬಹುದು. ನೋವು ಮಾತ್ರ ಒಂದೇ ಭಾಷೆಯಲ್ಲಿ ಬರುತ್ತದೆ. ಮೂರು ವಾರಗಳಿಗೊಮ್ಮೆಯಂತೆ ಎಂಟು ಸರದಿ ಕಿಮೋಥೆರಪಿ ಪಡೆದೆ. ನರದ ಮೂಲಕ ಕೊಡುವ ಆಕ್ಸಾಲಿಪ್ಲಾಟಿನ್ ಎಂಬ ಔಷಧದ ಒಂದು ಪರಿಣಾಮವೆಂದರೆ ತಣ್ಣಗಿನದ್ದನ್ನು ಮುಟ್ಟಿದರೆ ಬೆರಳುಗಳಲ್ಲಿ ವಿದ್ಯುತ್ತು ಹರಿದಂತಾಗುವುದು. ತಣ್ಣೀರು ಕುಡಿದರೆ ಗಂಟಲು ಕಟ್ಟಿದಂತಾಗುವುದು. ಬಾವಿಯ ನೀರಿನಲ್ಲಿ ಮುಖ ತೊಳೆದು ಬೆಳೆದವನಿಗೆ ಬಾವಿಯ ನೀರೇ ಅಪರಿಚಿತವಾಯಿತು. ಇದನ್ನು ದಾದಿಗೆ ವಿವರಿಸಲು ಇಂಗ್ಲಿಷಿನಲ್ಲಿಯೂ ಮಲಯಾಳದಲ್ಲಿಯೂ ಶಬ್ದ ಹುಡುಕಿ ಸೋತಾಗ, 'ಜೋಮು, ಆದರೆ ಮುಳ್ಳಿನ ಜೋಮು' ಎಂದುಬಿಟ್ಟೆ. ಆಕೆ ಕಾರ್ಕಳದ ಕಡೆಯವಳು, ತಲೆಯಾಡಿಸಿ ಬರೆದುಕೊಂಡಳು. ಉರಿ, ಚಳುಕು, ಸೆಳೆತ, ಕುಟುಕು, ಮಿಡಿತ ಎಂಬ ಈ ಶಬ್ದಗಳು ನಿಘಂಟಿನ ಒಡವೆಗಳೆಂದು ತಿಳಿದವರು ಒಮ್ಮೆ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ನೋಡಬೇಕು. ಯಾವುದನ್ನು ಹೇಳಿದೆವೆಂಬುದರ ಮೇಲೆ ಔಷಧ ಬದಲಾಗುತ್ತದೆ.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನು ಈ ಪತ್ರಿಕೆಯ ವಾಚಕರು ಬಲ್ಲರು. ಅದರ ಹಿಂದಿರುವ 350ನೆಯ ವಿಧಿ ಅಷ್ಟು ಪರಿಚಿತವಲ್ಲ: ಕುಂದುಕೊರತೆಯ ಪರಿಹಾರಕ್ಕಾಗಿ ಯಾವ ಅಧಿಕಾರಿಗೂ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೂ, ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಚಿಕಿತ್ಸಾ ಸಹಾಯಧನದ ಅರ್ಜಿಯೊಂದನ್ನು ನಾನು ಕನ್ನಡದಲ್ಲಿಯೇ ಬರೆದು ಕೊಟ್ಟೆ. ಗುಮಾಸ್ತರು ತುಸು ಗೊಣಗಿದರು, ಸ್ವೀಕರಿಸಿದರು. ಕಾಯಿಲೆಯ ಕಾಲದಲ್ಲಿ ಹಕ್ಕಿನ ಮಾತೇಕೆ ಎನ್ನಬಹುದು. ಎಲ್ಲವೂ ಕೈತಪ್ಪಿಹೋಗುತ್ತಿದೆ ಎನಿಸುವ ದಿನಗಳಲ್ಲಿ ತನ್ನ ಅಕ್ಷರದಲ್ಲಿ ತನ್ನ ಹೆಸರು ಬರೆಯುವುದೂ ಒಂದು ಹಿಡಿತ. ಗಡಿ ನಮಗೆ ಭೂಪಟದ ಗೆರೆಯಷ್ಟೇ ಆಗಿಲ್ಲ. 2020ರ ಮಾರ್ಚ್ ಅಂತ್ಯದಲ್ಲಿ ತಲಪಾಡಿಯ ದಾರಿ ಮುಚ್ಚಿ ನಮ್ಮ ರೋಗಿಗಳು ಮಂಗಳೂರಿಗೆ ಹೋಗಲಾರದೆ ಹೋದಾಗ ವಿಷಯ ಕೇರಳದ ಉಚ್ಚ ನ್ಯಾಯಾಲಯಕ್ಕೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಆ ದಿನಗಳ ನೆನಪಿನಿಂದಲೇ ಇರಬೇಕು, ಪ್ರತಿ ಸರದಿಗೆ ತಲಪಾಡಿ ದಾಟುವಾಗಲೂ ಪತ್ನಿ ಒಮ್ಮೆ ನಿಟ್ಟುಸಿರು ಬಿಡುತ್ತಿದ್ದಳು.

ನೋಡಲು ಬರುವವರ ಮಾತುಗಳ ಬಗ್ಗೆ ಎರಡು ಮಾತು. ಬಹುಮಂದಿ 'ಧೈರ್ಯವಾಗಿರಿ, ಪಾಸಿಟಿವ್ ಆಗಿರಿ, ಮನಸ್ಸು ಗಟ್ಟಿಯಿದ್ದರೆ ರೋಗ ಓಡುತ್ತದೆ' ಎನ್ನುತ್ತಾರೆ. ಹಾರೈಕೆ ಒಳ್ಳೆಯದೇ. ಆದರೆ ಅದರ ನೆರಳಿನಲ್ಲಿ ಇನ್ನೊಂದು ಅರ್ಥವಿದೆ: ರೋಗ ಉಲ್ಬಣಿಸಿದರೆ ನಿನ್ನ ಮನಸ್ಸು ಗಟ್ಟಿಯಿರಲಿಲ್ಲವೆಂದು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟ್ಟರಿಂಗ್ ಆಸ್ಪತ್ರೆಯಲ್ಲಿ 1977ರಿಂದ ಕ್ಯಾನ್ಸರ್ ರೋಗಿಗಳ ಮನಸ್ಸಿನ ಆರೈಕೆಗೆಂದೇ ವಿಭಾಗವನ್ನು ಕಟ್ಟಿದ ಮನೋವೈದ್ಯೆ ಜಿಮ್ಮಿ ಹಾಲೆಂಡ್ ಇದನ್ನು ಸಕಾರಾತ್ಮಕ ಚಿಂತನೆಯ ದಬ್ಬಾಳಿಕೆ ಎಂದೇ ಕರೆದರು. ಅಳು ಬಂದಾಗ ಅತ್ತರೆ ಗಡ್ಡೆ ಬೆಳೆಯುವುದಿಲ್ಲ. ಇದನ್ನು ತಿಳಿದ ದಿನ ನಾನು ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಳುವುದನ್ನು ಬಿಟ್ಟು ಹಜಾರದಲ್ಲಿಯೇ ಅತ್ತೆ. ಅಂದು ಮಗ ಮೊದಲ ಬಾರಿಗೆ ಬಂದು ಪಕ್ಕದಲ್ಲಿ ಕುಳಿತ.

ನಿಜಕ್ಕೂ ನೆರವಾದವರು ಮಾತಿಗಿಂತ ಕೆಲಸ ಹಿಡಿದುಕೊಂಡು ಬಂದವರು. ಕಿರಿಯ ವಕೀಲರೊಬ್ಬರು ನನ್ನ ಮೊಕದ್ದಮೆಗಳ ತಾರೀಕುಗಳನ್ನು ಆರು ತಿಂಗಳು ನೋಡಿಕೊಂಡರು. ಬದಿಯಡ್ಕದ ಕಡೆಯ ಕಕ್ಷಿದಾರರೊಬ್ಬರು ವಾರಕ್ಕೊಮ್ಮೆ ಎಳನೀರಿನ ಗೊನೆ ಜಗಲಿಯಲ್ಲಿಟ್ಟು, ಕರೆಗಂಟೆ ಒತ್ತದೆ ಹಿಂದಿರುಗುತ್ತಿದ್ದರು. ನೆರೆಯವರು, 'ಏನಾದರೂ ಬೇಕಿದ್ದರೆ ಹೇಳಿ' ಎನ್ನುವ ಬದಲು 'ಗುರುವಾರ ಮಂಗಳೂರಿಗೆ ನನ್ನ ಕಾರು, ಆರೂವರೆಗೆ ತಯಾರಿರಿ' ಎಂದರು. ರೋಗಿಗೆ ಕೇಳಿಕೊಳ್ಳುವ ಶಕ್ತಿಯೂ ಕಡಿಮೆ ಇರುತ್ತದೆಂಬುದನ್ನು ಅವರು ಅರಿತಿದ್ದರು.

ಇಷ್ಟಿದ್ದರೂ ಮನಸ್ಸು ತನ್ನಿಂದ ತಾನೇ ಏಳದ ಘಟ್ಟವೊಂದು ಬರಬಹುದು. ಐದನೆಯ ಸರದಿಯ ಬಳಿಕ ನನಗೆ ನಿದ್ರೆ ಹೋಯಿತು, ಊಟ ಬೇಡವಾಯಿತು, ಪತ್ರಿಕೆಯನ್ನು ತೆರೆಯುವ ಇಚ್ಛೆಯೂ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಒಂದು ಹಾಳೆ ಕೊಟ್ಟರು. ಅದರಲ್ಲಿ ಉಷ್ಣಮಾಪಕದ ಚಿತ್ರ, ಸೊನ್ನೆಯಿಂದ ಹತ್ತರವರೆಗೆ ಅಂಕಗಳು. ಕಳೆದ ಒಂದು ವಾರದ ಮನೋವ್ಯಥೆ ಎಷ್ಟು ಎಂದು ಗುರುತಿಸಬೇಕು. ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದಿನ ವಿಚಾರಣೆ ಬೇಕೆಂದು ನಿಯಮ. ನಾನು ಏಳಕ್ಕೆ ಗೆರೆ ಎಳೆದೆ. ಆಪ್ತಸಮಾಲೋಚಕರೊಡನೆ ಆರು ಭೇಟಿ, ಕೆಲವು ತಿಂಗಳ ಮಾತ್ರೆ. ನಿದ್ರೆ ಮರಳಿತು, ನಿದ್ರೆಯ ಹಿಂದೆ ಹಸಿವೂ ಬಂತು. ಜ್ವರವನ್ನು ಅಳೆಯುವಂತೆ ವ್ಯಥೆಯನ್ನೂ ಅಳೆಯಬಹುದು, ಇಳಿಸಬಹುದು ಎಂಬುದೇ ನನಗೆ ದೊಡ್ಡ ಆಶ್ಚರ್ಯವಾಗಿತ್ತು. ದೂರ ಹೋಗಲಾರದವರಿಗೆ 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್ ಇದೆ; 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು. ರೋಗಿಯಷ್ಟೇ ಅಲ್ಲ, ಆರೈಕೆ ಮಾಡುತ್ತ ಬಳಲಿದ ಹೆಂಡತಿ, ಮಗಳು, ಸೊಸೆಯೂ ಮಾತನಾಡಬಹುದು.

ಕೇರಳದಲ್ಲಿ ವಾಸಿಸುವ ನಮಗೆ ಇನ್ನೊಂದು ಅನುಕೂಲವಿದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಕೆಲವು ವೈದ್ಯರೂ ಸ್ವಯಂಸೇವಕರೂ ಸೇರಿ ಆರಂಭಿಸಿದ ನೋವುಶಮನದ ಸಂಘವು ಬೆಳೆದು, 2008ರಲ್ಲಿ ಕೇರಳ ಸರಕಾರ ಪಾಲಿಯೇಟಿವ್ ಆರೈಕೆಗೆ ಪ್ರತ್ಯೇಕ ನೀತಿಯನ್ನೇ ರೂಪಿಸುವಂತಾಯಿತು. ಇಂದು ಪಂಚಾಯತಿನ ಮಟ್ಟದಲ್ಲಿ ದಾದಿಯರು ಮನೆಮನೆಗೆ ಬರುತ್ತಾರೆ. ಪಾಲಿಯೇಟಿವ್ ಎಂದರೆ ಕೊನೆಯ ದಿನಗಳೆಂದು ಹಲವರು ಹೆದರಿ ದೂರವಿಡುತ್ತಾರೆ. ನೋವು, ವಾಕರಿಕೆ, ಭಯ ಇವನ್ನು ಇಳಿಸುವ ಈ ಆರೈಕೆ ರೋಗದ ಆರಂಭದಿಂದಲೇ, ಗುಣಪಡಿಸುವ ಚಿಕಿತ್ಸೆಯ ಜತೆಜತೆಗೇ ಸಲ್ಲುವಂಥದ್ದು.

ಏಳನೆಯ ಸರದಿಯ ಮೊದಲು ನಾನು ನನ್ನ ಉಯಿಲನ್ನು ಬರೆದೆ. ಇತರರಿಗಾಗಿ ಎಷ್ಟೋ ಬರೆದ ಕೈ ಅಂದು ಮೊದಲ ಸಾಲಿನಲ್ಲಿಯೇ ನಿಂತಿತು. ಕಾನೂನು ಸರಳವಾಗಿದೆ: ಮುದ್ರಾಂಕ ಬೇಡ, ನೋಂದಣಿ ಕಡ್ಡಾಯವಲ್ಲ, ಬರೆದವನ ಸಹಿ ಮತ್ತು ಇಬ್ಬರು ಸಾಕ್ಷಿಗಳ ಸಹಿ ಬೇಕು. ಸಾಕ್ಷಿಗಳು ಆಸ್ತಿ ಪಡೆಯುವವರಾಗಿರದಿದ್ದರೆ ಒಳ್ಳೆಯದು. ಅಪಶಕುನವೆಂದು ಅಮ್ಮ ಮುಖ ತಿರುಗಿಸಿದರು. ಆದರೆ ಸಹಿ ಹಾಕಿದ ರಾತ್ರಿ ನಾನು ಎಷ್ಟೋ ವಾರಗಳ ಬಳಿಕ ತಡೆಯಿಲ್ಲದೆ ನಿದ್ರಿಸಿದೆ. ಭಯದಲ್ಲಿ ಎರಡು ಪಾಲಿದೆ: ಒಂದು ಸಾವಿನದ್ದು, ಇನ್ನೊಂದು ಹಿಂದೆ ಉಳಿಯುವವರ ಗತಿಯದ್ದು. ಎರಡನೆಯದನ್ನು ಕಾಗದ, ಮಸಿಗಳಿಂದ ಬಹುಮಟ್ಟಿಗೆ ಕಡಿಮೆ ಮಾಡಬಹುದು. ಮೊದಲನೆಯದು ಇದ್ದೇ ಇದೆ; ಅದರೊಡನೆ ಒಂದೇ ಮನೆಯಲ್ಲಿರಲು ಕಲಿಯುತ್ತಿದ್ದೇನೆ.

ಈಗಲೂ ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆಯ ವಾರ ಬರುತ್ತದೆ. ಐದು ವರ್ಷ ತುಂಬಲು ಇನ್ನೂ ಎರಡು ವರ್ಷಗಳಿವೆ. ಆ ವಾರ ನಮ್ಮ ಮನೆಯಲ್ಲಿ ಎಲ್ಲರ ದನಿಯೂ ಬದಲಾಗುತ್ತದೆ, ಆದರೆ ತಗ್ಗುವುದಿಲ್ಲ. ಹನ್ನೊಂದನೆಯ ತರಗತಿ ಮುಗಿಸಿದ ಮಗ, 'ಅಪ್ಪಾ, ರಿಪೋರ್ಟು ಯಾವಾಗ?' ಎಂದು ಪರೀಕ್ಷೆಯ ಫಲಿತಾಂಶ ಕೇಳುವಷ್ಟೇ ಸಹಜವಾಗಿ ಕೇಳುತ್ತಾನೆ. ಬಂದ ಕೂಡಲೇ ಮೊದಲು ಅವರಿಬ್ಬರಿಗೆ ಹೇಳುತ್ತೇನೆ. ವಾಚಕರ ಮನೆಯಲ್ಲಿ ಎಂದಾದರೂ ಈ ವಾರ್ತೆ ಬಂದರೆ, ಬಾರದಿರಲಿ, ಬಂದರೆ, ಒಂದು ನೋಟುಪುಸ್ತಕ ತೆರೆಯಿರಿ, ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ, ರೋಗದ ಹೆಸರನ್ನು ನಮ್ಮ ಮಾತಿನಲ್ಲಿ ಸ್ಪಷ್ಟವಾಗಿ ಹೇಳಿ. ಅನಂತರದ ಮಾತುಗಳಿಗೆ ದಾರಿಯಾಗುವುದು ಅಲ್ಲಿಂದಲೇ.